ಕಟ್ಟಿಹಾಕದ ಕುದುರೆ: ಮುಂಬೈಯಲ್ಲಿ ಆರ್ಚ್‌ಟಾಪ್ ಗಿಟಾರಿಗೆ ಐದು ಮಳೆಗಾಲ

ಮೊದಲು ಕುದುರೆಯ ವಿಷಯ. ಗಿಟಾರಿನವರು ಬ್ರಿಡ್ಜ್ ಅನ್ನುತ್ತಾರೆ, ವೀಣೆ, ಪಿಟೀಲಿನವರು ಕುದುರೆ ಅನ್ನುತ್ತಾರೆ, ಇಲ್ಲಿಯ ಮರಾಠಿ ವಾದ್ಯಗಾರರಿಗೆ ಅದು ಘೋಡಿ. ಗಂಡೋ ಹೆಣ್ಣೋ, ಆರ್ಚ್‌ಟಾಪ್‌ನಲ್ಲಿ, ಅಂದರೆ ಪಿಟೀಲಿನಂತೆ ಮೇಲ್ಹಲಗೆ ಕಮಾನಾಗಿರುವ ಗಿಟಾರಿನಲ್ಲಿ, ಅದನ್ನು ಯಾರೂ ಕಟ್ಟಿಹಾಕಿಲ್ಲ. ಅಂಟಿಲ್ಲ, ಸ್ಕ್ರೂ ಇಲ್ಲ. ಆರು ತಂತಿಗಳು ಮೇಲಿಂದ ಅದುಮಿ ಹಿಡಿದಿವೆ ಅಂತ ನಿಂತಿದೆ, ಅಷ್ಟೇ. ಲಕ್ಷಗಟ್ಟಲೆ ಸುರಿದು ತಂದ ವಾದ್ಯದ ಶ್ರುತಿ, ತಂತಿಯ ಎತ್ತರ, ನಾದ ಎಲ್ಲವೂ ಎಬೊನಿ ಮರದ ಈ ಸಡಿಲ ತುಂಡನ್ನು ನಂಬಿಕೊಂಡಿವೆ. ಐದು ವರ್ಷದಲ್ಲಿ ಈ ಗಿಟಾರ್ ತರಿಸಿದ ಸಿಟ್ಟಿನ ಮುಕ್ಕಾಲು ಪಾಲು ಈ ತುಂಡಿನದ್ದೇ.

ಅಳತೆ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ. 17 ಇಂಚಿನ ಒಡಲು, ಕೆತ್ತಿದ ಸ್ಪ್ರೂಸ್ ಮೇಲ್ಹಲಗೆ, ಮೇಪಲ್ ಬೆನ್ನು, ಮರದ ಸ್ಯಾಡಲ್ (ಕುದುರೆಯಲ್ಲಿ ತಂತಿ ಕೂರುವ ಮೇಲಿನ ತುಂಡು), ಮೇಲ್ಹಲಗೆಗೆ ತಾಗದಂತೆ ಕುತ್ತಿಗೆಯ ತುದಿಗೆ ಸಿಕ್ಕಿಸಿದ, ಸದ್ದನ್ನು ಆಂಪ್ಲಿಫೈಯರಿಗೆ ಕಳಿಸುವ ತೇಲುವ ಪಿಕಪ್ ಅಂದರೆ ಸಾಕು. 1922ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಎಲ್-5 ಮಾದರಿ ಪಿಟೀಲಿನ ಎಫ್ ಆಕಾರದ ರಂಧ್ರಗಳನ್ನು ಗಿಟಾರಿಗೆ ತಂದ ಮೇಲೆ ಈ ಜಾತಿಯ ಮೈಕಟ್ಟು ಹೆಚ್ಚೇನೂ ಬದಲಾಗಿಲ್ಲ. ತಯಾರಕರ ಹೆಸರು ಹಾಕಿಲ್ಲ. ಕೆಳಗಿನ ದೂರುಗಳೆಲ್ಲ ಜಾತಿಯ ಸ್ವಭಾವ, ಕಂಪನಿಯ ತಪ್ಪಲ್ಲ.

ಹೊಸಬರು ಮಾಡುವ ಮೊದಲ ಅನಾಹುತ ಒಂದೇ: ಹಳೇ ತಂತಿ ಬದಲಿಸಲು ಆರನ್ನೂ ಒಟ್ಟಿಗೆ ಬಿಚ್ಚುವುದು. ಕುದುರೆ ಮಗುಚಿ ಬೀಳುತ್ತದೆ, ಲ್ಯಾಕರ್ ಅನ್ನುವ ಮೆರುಗು ಲೇಪದ ಮೇಲೆ ಗೀರು ಬೀಳುತ್ತದೆ, ತಂತಿಗಳ ಬುಡ ಹಿಡಿದಿರುವ ಟೇಲ್‌ಪೀಸ್ ಸಡಿಲಾಗಿ ಮೇಲ್ಹಲಗೆಗೆ ಬಡಿಯುತ್ತದೆ. ಆಮೇಲೆ ಕುದುರೆ ಎಲ್ಲಿತ್ತು, ಯಾವ ಮುಖ ಯಾವ ಕಡೆಗಿತ್ತು, ಒಂದೂ ನೆನಪಿರುವುದಿಲ್ಲ. ಆದ್ದರಿಂದ ಒಂದೊಂದೇ ತಂತಿ ಬಿಚ್ಚಿ, ಹೊಸದು ಹಾಕಿ, ಶ್ರುತಿಗೆ ತಂದು ಮುಂದಿನದಕ್ಕೆ ಹೋಗಬೇಕು. ಶುರುಮಾಡುವ ಮೊದಲು ಕುದುರೆಯ ಎರಡೂ ಪಾದಗಳ ಸುತ್ತ ಗುರುತಿಗೆ ಟೇಪ್ ಹಚ್ಚಿ. ಸೆಲ್ಲೋಟೇಪ್ ಬೇಡವೇ ಬೇಡ. ಪೇಂಟರ್‌ಗಳ ಕಾಗದದ ಟೇಪನ್ನೂ ಅಂಗಿಗೆ ನಾಲ್ಕು ಸಲ ಒತ್ತಿ, ಅಂಟು ಕಮ್ಮಿ ಮಾಡಿ ಹಚ್ಚಿ, ಕೆಲಸ ಮುಗಿದ ಕೂಡಲೇ ತೆಗೆಯಿರಿ. ಚಪ್ಪಟೆ ಲೋಹದ ಪಟ್ಟಿ ಸುತ್ತಿದ ಫ್ಲ್ಯಾಟ್‌ವೂಂಡ್ ತಂತಿಯನ್ನು ಕತ್ತರಿಸುವ ಮೊದಲು ತುದಿಯನ್ನು ಇಕ್ಕಳದಿಂದ ನೇರ ಮೂಲೆಗೆ ಬಗ್ಗಿಸಿಕೊಳ್ಳಿ. ಸುಮ್ಮನೆ ಕತ್ತರಿಸಿದರೆ ಸುತ್ತಿದ ಪಟ್ಟಿ ಒಳಗೊಳಗೇ ಬಿಚ್ಚಿಕೊಂಡು ತಂತಿ ಸತ್ತಂತೆ ಕೇಳುತ್ತದೆ.

ಕುದುರೆ ಸರಿದೇ ಹೋಗಿದ್ದರೆ ಅಳತೆಯಿಂದ ಶುರುಮಾಡಬೇಕು. 25.5 ಇಂಚಿನ ಸ್ಕೇಲ್‌ನಲ್ಲಿ, ಅಂದರೆ ತಂತಿ ನುಡಿಯುವ ಉದ್ದದಲ್ಲಿ, ನಟ್‌ನಿಂದ (ಬಿರಡೆಯ ಕಡೆ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ಗೆ (ವೀಣೆಯ ಮೆಟ್ಟಿಲಿನಂಥದ್ದು) ಸುಮಾರು 324 ಮಿ.ಮೀ. ಅಲ್ಲಿಂದ ಮತ್ತೆ ಅಷ್ಟೇ ದೂರ, ಜೊತೆಗೆ ಸಣ್ಣ ತಂತಿಯ ಕಡೆ ಒಂದೆರಡು ಮಿ.ಮೀ., ದಪ್ಪ ತಂತಿಯ ಕಡೆ ಇನ್ನೂ ಸ್ವಲ್ಪ. ಹಾಗಾಗಿ ಕುದುರೆ ಒಂಚೂರು ಓರೆಯಾಗಿಯೇ ನಿಲ್ಲುತ್ತದೆ. ಓರೆ ಕಂಡು ಗಾಬರಿಯಾಗಿ ನೇರ ಮಾಡುವವರಿದ್ದಾರೆ, ಮಾಡಬೇಡಿ. ಆಮೇಲೆ ಟ್ಯೂನರ್ ಇಟ್ಟುಕೊಂಡು 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದ ಹಾರ್ಮೋನಿಕ್ ಮತ್ತು ಅದೇ ಫ್ರೆಟ್ ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಿದ್ದರೆ ಕುದುರೆಯನ್ನು ಟೇಲ್‌ಪೀಸ್ ಕಡೆಗೆ, ಇಳಿದಿದ್ದರೆ ಕುತ್ತಿಗೆಯ ಕಡೆಗೆ, ಪಾದ ಹಿಡಿದು ಕೂದಲೆಳೆಯಷ್ಟು ಸರಿಸಿ. ಮೊದಲನೇ (ಅತಿ ಸಣ್ಣ) ಮತ್ತು ಆರನೇ (ಅತಿ ದಪ್ಪ) ತಂತಿ ಸರಿಹೋದರೆ ಉಳಿದವು ಸ್ಯಾಡಲ್‌ನ ಕೊರೆತದ ಪ್ರಕಾರ ತಾವೇ ಕೂರುತ್ತವೆ. ಇಲ್ಲೊಂದು ಗುಟ್ಟು: ಮರದ ಸ್ಯಾಡಲ್ ಸಾಮಾನ್ಯವಾಗಿ ಸುತ್ತಿದ ಮೂರನೇ ತಂತಿಗಾಗಿ ಕೊರೆದದ್ದು. ಬರಿ ಉಕ್ಕಿನ ಮೂರನೇ ತಂತಿ ಹಾಕಿದರೆ ಅದು ಜನ್ಮದಲ್ಲಿ ಶ್ರುತಿಗೆ ಕೂರುವುದಿಲ್ಲ.

ಇಷ್ಟೆಲ್ಲ ಆದಮೇಲೂ ಬಿರಡೆ ತಿರುಗಿಸಿ ಶ್ರುತಿ ಏರಿಸುವಾಗ ತಂತಿಗಳು ಕುದುರೆಯ ತಲೆಯನ್ನು ಮುಂದಕ್ಕೆ ಎಳೆಯುತ್ತವೆ. ವಾರಕ್ಕೊಮ್ಮೆ ಪಕ್ಕದಿಂದ ನೋಡಿ. ಮುಂದಕ್ಕೆ ವಾಲಿದ್ದರೆ ಎರಡೂ ಹೆಬ್ಬೆರಳಿಂದ ಮೆಲ್ಲಗೆ ಹಿಂದಕ್ಕೆ ತನ್ನಿ. ಸ್ಯಾಡಲ್‌ನ ಕಚ್ಚುಗಳಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಎಳೆತ ಕಡಿಮೆ.

ಇನ್ನು ಮಳೆ. ಕೆತ್ತಿದ ಮೇಲ್ಹಲಗೆ ಅಡ್ಡಕ್ಕೆ ಊದಿಕೊಳ್ಳುತ್ತದೆ, ಅಂಚು ಬಿಗಿಯಾಗಿ ಹಿಡಿದಿರುವುದರಿಂದ ಊದಿದ್ದಕ್ಕೆ ಹೋಗಲು ಮೇಲ್ಗಡೆ ಬಿಟ್ಟರೆ ದಾರಿ ಇಲ್ಲ. ಕಮಾನು ಏರುತ್ತದೆ, ಅದರ ಬೆನ್ನೇರಿ ಕುದುರೆಯೂ ಏರುತ್ತದೆ. ಮೇ ತಿಂಗಳಲ್ಲಿ 12ನೇ ಫ್ರೆಟ್‌ನಲ್ಲಿ 2 ಮಿ.ಮೀ. ಇದ್ದ ಆರನೇ ತಂತಿ ಜುಲೈ ಕೊನೆಗೆ ಎರಡೂವರೆ ಹತ್ತಿರ ಬಂದಿರುತ್ತದೆ. ಕೂಡಲೇ ಟ್ರಸ್ ರಾಡ್‌ಗೆ ಕೀಲಿ ಹಾಕುವುದು ತಪ್ಪು ಮದ್ದು. ಅದು ಕುತ್ತಿಗೆಯ ಬಾಗನ್ನು ತಿದ್ದುವ ಸಲಕರಣೆ, ಕುದುರೆಯ ಎತ್ತರವನ್ನಲ್ಲ. ಕುದುರೆಯ ಎರಡು ಕಂಬಗಳ ಹಲ್ಲುಚಕ್ರಗಳನ್ನು, ಅಂದರೆ ಥಂಬ್‌ವೀಲ್‌ಗಳನ್ನು, ಇಳಿಸಬೇಕು. ಪೂರ್ತಿ ಒಂದು ಸುತ್ತಿಗೆ ಕುದುರೆ ಸುಮಾರು 0.7ರಿಂದ 0.8 ಮಿ.ಮೀ. ಇಳಿಯುತ್ತದೆ, 12ನೇ ಫ್ರೆಟ್‌ನಲ್ಲಿ ಅದರ ಅರ್ಧ. ಕಾಲು ಸುತ್ತು ಇಳಿಸಿ, ಶ್ರುತಿ ಮಾಡಿ, ಅಳೆದು, ಬೇಕಿದ್ದರೆ ಮತ್ತೆ ಕಾಲು ಸುತ್ತು. ತಂತಿಯ ಪೂರ್ತಿ ಬಿಗಿತದಲ್ಲಿ ತಿರುಗಿಸಿದರೆ ಕಂಬ ಬಾಗುತ್ತದೆ, ಇಲ್ಲವೇ ಅದರ ತಿರುಪಿನ ಎಳೆ ಸವೆಯುತ್ತದೆ. ಮೊದಲು ಎಲ್ಲ ತಂತಿಗಳನ್ನೂ ಎರಡು ಸ್ವರದಷ್ಟು ಸಡಿಲಿಸಿಕೊಳ್ಳಿ.

ತೇವದ ಲೆಕ್ಕ ಗೊತ್ತಾಗದೆ ಏನು ಮಾಡಿಯೂ ಪ್ರಯೋಜನವಿಲ್ಲ, ತೇವ ಅಳೆಯುವ ಅಗ್ಗದ ಹೈಗ್ರೋಮೀಟರ್‌ಗಳೋ ಸುಳ್ಳುಬುರುಕ. ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ: ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಗಂಜಿಯಂತೆ ಅಲ್ಲ, ಒದ್ದೆ ಮರಳಿನಂತೆ ಮಾಡಿ. ಮೀಟರಿನ ಜೊತೆ ಜಿಪ್ ಚೀಲದಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 69 ತೋರಿಸಿದರೆ ಅದು ಯಾವಾಗಲೂ 6 ಕಮ್ಮಿ ಹೇಳುತ್ತದೆ ಅಂತ ಹಿಂಬದಿಗೆ ಬರೆದಿಡಿ. ಗಿಟಾರಿಗೆ ಬೇಕಾದದ್ದು 45ರಿಂದ 55. ಮಾಟುಂಗದ ಮೂರನೇ ಮಹಡಿಯ ಕೋಣೆಯಲ್ಲಿ ಜುಲೈ ತಿಂಗಳು ಅದು 85 ದಾಟುತ್ತದೆ.

ತೇವ ಹೆಚ್ಚಿದ್ದರೆ ಹೀರಿ, ಕಮ್ಮಿಯಿದ್ದರೆ ಬಿಟ್ಟು ಶೇ. 49ಕ್ಕೆ ನಿಲ್ಲಿಸುವ ಪೊಟ್ಟಣಗಳು ಹೊರದೇಶದ ಒಣ ಮನೆಗಳಿಗೆ ಸರಿ. ಇಲ್ಲಿ ಎರಡು ಮೂರು ವಾರಕ್ಕೆ ನೀರು ಕುಡಿದು ಉಬ್ಬಿ ಕೂರುತ್ತವೆ, ಮತ್ತೆ ದುಡ್ಡು. ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಮಣಿ ಅರ್ಧ ಕಿಲೋ, ಹತ್ತಿ ಬಟ್ಟೆಯ ಎರಡು ಚೀಲಗಳಲ್ಲಿ ಹಂಚಿ, ಗಟ್ಟಿ ಪೆಟ್ಟಿಗೆಯ ಕುತ್ತಿಗೆಯ ಭಾಗದಲ್ಲೊಂದು, ಬುಡದ ಮೂಲೆಯಲ್ಲೊಂದು ಇಟ್ಟರೆ ಪೆಟ್ಟಿಗೆಯೊಳಗೆ 55ರ ಆಸುಪಾಸು ನಿಲ್ಲುತ್ತದೆ. ಹಸಿರಿಗೆ ತಿರುಗಿದಾಗ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ವಾಪಸ್. ನೀಲಿ ಬಣ್ಣದ ಮಣಿ ಬೇಡ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಮೀಟರ್ 45ಕ್ಕಿಂತ ಕೆಳಗಿಳಿದರೆ ಒಂದು ಚೀಲ ಹೊರಗೆ ತೆಗೆಯಿರಿ. ನುಸಿಗುಳಿಗೆ, ಕರ್ಪೂರ ಯಾವುದನ್ನೂ ಒಳಗಿಡಬೇಡಿ. ಸೀರೆಗೆ ಆಗಬಹುದು, ಲ್ಯಾಕರ್‌ಗೂ ಪ್ಲಾಸ್ಟಿಕ್ ಅಂಚುಪಟ್ಟಿಗೂ ಆ ಆವಿ ಆಗಿಬರುವುದಿಲ್ಲ.

ಘಾಟ್ ಹತ್ತಿ ಪುಣೆಗೆ ಹೋದರೆ ಕಥೆ ತಿರುವುಮುರುವು. ಏಪ್ರಿಲ್ ಮಧ್ಯಾಹ್ನ ಅಲ್ಲಿಯ ಗಾಳಿಯ ತೇವ ಶೇ. 25ರ ಕೆಳಗೂ ಇಳಿಯುತ್ತದೆ. ಕಮಾನು ತಗ್ಗುತ್ತದೆ, ತಂತಿ ಫ್ರೆಟ್‌ಗೆ ತಾಗಿ ಗರಗರ ಅನ್ನುತ್ತದೆ, ಎಬೊನಿಯ ಬೆರಳುಹಲಗೆ ಕುಗ್ಗಿ ಫ್ರೆಟ್‌ನ ತುದಿಗಳು ಅಂಗೈಗೆ ಗರಗಸದಂತೆ ಸಿಗುತ್ತವೆ. ಅಲ್ಲಿರುವವರಿಗೆ ಸಿಲಿಕಾಕ್ಕಿಂತ ತೇವ ಕೊಡುವ ಪೊಟ್ಟಣವೇ ಮುಖ್ಯ. ಊದಿದ ಮರ ಮತ್ತೆ ಇಳಿಯುತ್ತದೆ, ಒಣಗಿ ಸೀಳಿದ ಮರ ಕೂಡುವುದಿಲ್ಲ. ಗೋವಾ ಕಡಲತೀರದಲ್ಲಿ ನುಡಿಸುವವರಿಗೆ ತೇವಕ್ಕಿಂತ ಉಪ್ಪುಗಾಳಿ ಶತ್ರು: ಚಿನ್ನದ ಲೇಪದ ಟೇಲ್‌ಪೀಸ್ ಮೊದಲ ಬೇಸಿಗೆಯಲ್ಲೇ ಮಾಸುತ್ತದೆ.

ಟ್ಯಾಕ್ಸಿಯ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿರುತ್ತದೆ, 17 ಇಂಚಿನ ಪೆಟ್ಟಿಗೆ ಅಲ್ಲಿ ಹಿಡಿಸುವುದಿಲ್ಲ. ಹಿಂದಿನ ಸೀಟಿಗೆ ಹೋಗಬೇಕು. ಎ.ಸಿ. ಹಾಲ್‌ನಿಂದ ಹೊರಬಂದ ಮೇಲೆ ಪೆಟ್ಟಿಗೆಯನ್ನು ಅರ್ಧ ಗಂಟೆ ತೆರೆಯಬೇಡಿ, ತಣ್ಣಗಿನ ಲ್ಯಾಕರ್ ಮೇಲೆ ಮಂಜು ಕೂರುತ್ತದೆ.

ಆಮೇಲೆ ಗಿರಗಿರ ಸದ್ದು. ತಂಬೂರಿಗಾದರೆ ಇದೇ ಸದ್ದಿಗಾಗಿ ಕುದುರೆಯ ಮೇಲೆ ಜೀವಾಳದ ದಾರ ಸಿಕ್ಕಿಸುತ್ತೇವೆ. ಮಿರಜ್‌ನಲ್ಲಿ ಜವಾರಿ, ಅಂದರೆ ಆ ಸದ್ದು ಕೊಡುವ ಕುದುರೆಯ ಮೈ, ತಿದ್ದಿಸಲು ಜನ ಸಾಲು ನಿಲ್ಲುತ್ತಾರೆ. ಆರ್ಚ್‌ಟಾಪ್‌ನಲ್ಲಿ ಅದೇ ಸದ್ದು ಕೇಳಿದರೆ ನಿದ್ದೆ ಹಾಳು. ಐದನೇ ತಂತಿಯ ಮೊದಲ ಫ್ರೆಟ್ ನುಡಿಸಿದಾಗ ಮಾತ್ರ ಬರುತ್ತದೆ, ಎರಡನೇ ಫ್ರೆಟ್‌ಗೆ ಇಲ್ಲ. ಹುಡುಕುವ ಕ್ರಮ: ಒಬ್ಬರು ಆ ಸ್ವರ ನುಡಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಭಾಗವನ್ನು ಬೆರಳಿಂದ ಒತ್ತುತ್ತ ಹೋಗಲಿ. ಟೇಲ್‌ಪೀಸ್‌ನ ಕೀಲು, ಪಿಕ್‌ಗಾರ್ಡ್‌ನ ಬ್ರಾಕೆಟ್, ಬಿರಡೆಯ ನಟ್‌ಗಳು, ಸಡಿಲ ಥಂಬ್‌ವೀಲ್, ಒಳಗೆ ಜಾಕ್‌ವರೆಗೆ ಹೋಗುವ ವೈರ್, ಈ ಕ್ರಮದಲ್ಲಿ. ಬಹಳ ಸಲ ಅಪರಾಧಿ ಕುದುರೆಯ ಹಿಂದೆ ಉಳಿದ ತಂತಿಯ ತುಂಡು ಭಾಗ, ಅದು ತಾನೇ ತಾನಾಗಿ ಮಿಡಿಯುತ್ತದೆ. ತೆಳು ಚರ್ಮದ ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ಆ ತಂತಿಗಳ ನಡುವೆ ಹೆಣೆದರೆ ಸುಮ್ಮನಾಗುತ್ತದೆ. ಹಳೇ ಚಪ್ಪಲಿಯ ಬಾರು ಸಾಕು, ಬ್ರಾಂಡೆಡ್ ಡ್ಯಾಂಪರ್‌ಗೆ ದುಡ್ಡು ದಂಡ.

ಇಷ್ಟರಲ್ಲೂ ನಿಲ್ಲದಿದ್ದರೆ ಕುದುರೆಯ ಪಾದ ಮೇಲ್ಹಲಗೆಗೆ ಪೂರ್ತಿ ಕೂತಿಲ್ಲ. ಸಿಗರೇಟು ಹಾಳೆಯಷ್ಟು ತೆಳು ಕಾಗದವನ್ನು ಪಾದದ ಅಂಚಿಗೆ ತಳ್ಳಿ ನೋಡಿ. ಎಲ್ಲಿಯಾದರೂ ಒಳಗೆ ನುಗ್ಗಿದರೆ ಅಲ್ಲಿ ಸಂದು ಇದೆ. ಮೇಲ್ಹಲಗೆಯ ಮೇಲೆ 120 ನಂಬರಿನ ಮರಳು ಕಾಗದವನ್ನು ಮರಳು ಮೇಲಾಗಿ ಹಾಸಿ, ಪಾದವನ್ನು ಅದೇ ಜಾಗದಲ್ಲಿ ತಂತಿಯ ದಿಕ್ಕಿನಲ್ಲಿ ಚಿಕ್ಕದಾಗಿ ಉಜ್ಜಬೇಕು, ಆಮೇಲೆ 220, ಕೊನೆಗೆ 320. ಕೈ ಓಲಾಡಿದರೆ ಪಾದ ದುಂಡಗಾಗಿ ಮೊದಲಿಗಿಂತ ಕೆಡುತ್ತದೆ. ಇದನ್ನು ಗಿಟಾರ್ ಅಂಗಡಿಗಿಂತ ಪಿಟೀಲು ರಿಪೇರಿಯವರಿಗೆ ಕೊಡುವುದು ಮೇಲು. ಕುದುರೆಯ ಪಾದ ಕಮಾನಿಗೆ ಹೊಂದಿಸುವುದು ಅವರ ದಿನದ ಕೆಲಸ, ಸಪಾಟು ಗಿಟಾರ್ ನೋಡಿ ಬೆಳೆದವರಿಗೆ ಅದರ ಅಭ್ಯಾಸವಿಲ್ಲ.

ಹೀಗೆ ಪಾದ ಕೂತ ದಿನ ದೂರುಗಳ ಪಟ್ಟಿ ಮಡಚಿಡಬೇಕಾಗುತ್ತದೆ. ಅಲ್ಲಿಯವರೆಗೆ ಕೇಳಿದ್ದು ಅರ್ಧ ಗಿಟಾರ್. ಸಡಿಲ ಕುದುರೆ ಕೆಳಕ್ಕೆ ಅದುಮುವುದರಿಂದ ತಂತಿಯ ಶಕ್ತಿ ಚಟ್ಟನೆ ಹಲಗೆಗೆ ಇಳಿಯುತ್ತದೆ, ಚಟ್ಟನೆ ಮುಗಿಯುತ್ತದೆ. ‘ಸಸ್ಟೇನ್ ಇಲ್ಲ’, ಅಂದರೆ ಸ್ವರ ಉಳಿಯುವುದಿಲ್ಲ, ಅಂತ ಬೈಯುವವರು ಬೇರೆ ವಾದ್ಯ ಕೊಳ್ಳಬೇಕಿತ್ತು. ಆರನೇ, ನಾಲ್ಕನೇ, ಮೂರನೇ ತಂತಿಗಳ ಮೂರೇ ಸ್ವರದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹಿಡಿದು ಮಾತ್ರೆಗೊಂದು ಹೊಡೆತ ಹಾಕಿ, ಎಡಗೈ ಸಡಿಲಿಸಿ ಮುಚ್ಚಿ: ತಾಳವೂ ಅದೇ, ಶ್ರುತಿಯೂ ಅದೇ. ಅಮೆರಿಕದ ಕೌಂಟ್ ಬೇಸಿಯ ಜಾಝ್ ತಂಡದಲ್ಲಿ ಗಿಟಾರಿಗ ಫ್ರೆಡ್ಡಿ ಗ್ರೀನ್ 1937ರಿಂದ ಐವತ್ತು ವರ್ಷ ಮಾಡಿದ್ದು ಹೆಚ್ಚುಕಮ್ಮಿ ಇಷ್ಟನ್ನೇ, ಅದೂ ತಂತಿ ಎತ್ತರಕ್ಕಿಟ್ಟು. ರಾತ್ರಿ ಹನ್ನೊಂದಕ್ಕೆ, ಆಂಪ್ಲಿಫೈಯರ್ ಇಲ್ಲದೆ, ಹತ್ತು ಬೈ ಹನ್ನೆರಡರ ಕೋಣೆಯಲ್ಲಿ ಈ ಸದ್ದು ತುಂಬಿ ನಿಲ್ಲುತ್ತದೆ, ಗೋಡೆ ದಾಟುವುದಿಲ್ಲ. ಮುಂಬೈ ಫ್ಲ್ಯಾಟಿಗೆ ಇಷ್ಟು ಹೊಂದುವ ಇನ್ನೊಂದು ಗಿಟಾರ್ ಇಲ್ಲ. ಇದಕ್ಕಾಗಿಯೇ ಪ್ಲಗ್ ಚುಚ್ಚುವುದು ಕಮ್ಮಿಯಾಗಿದೆ.

ವೇದಿಕೆಗೆ ಒಯ್ಯುವವರಿಗೆ ಈ ಹೊಗಳಿಕೆ ಅನ್ವಯಿಸುವುದಿಲ್ಲ. ಕೆಳಗಿನ ಜಿ ಮತ್ತು ಎ ಸ್ವರಗಳ ನಡುವೆ, 98ರಿಂದ 110 ಹರ್ಟ್ಜ್ ಹತ್ತಿರ, ಆಂಪ್ಲಿಫೈಯರಿನ ಸದ್ದಿಗೆ ಒಡಲು ತಾನೇ ಊಳಿಡುತ್ತದೆ. ನಮ್ಮ ಕರೆಂಟಿನ ಗುಂಯ್‌ಗುಡುವಿಕೆಯ ಎರಡನೇ ಪಟ್ಟು 100 ಹರ್ಟ್ಜ್ ಬೇರೆ, ಅರ್ತ್ ಸರಿಯಿಲ್ಲದ ಹಾಲ್‌ನಲ್ಲಿ ಎರಡೂ ಕೈಜೋಡಿಸುತ್ತವೆ. ಆಂಪ್ಲಿಫೈಯರನ್ನು ಬೆನ್ನ ಹಿಂದಿನಿಂದ ತೆಗೆದು ಪಕ್ಕದ ಕುರ್ಚಿಯ ಮೇಲಿಡಿ, 100 ಹರ್ಟ್ಜ್ ಸುತ್ತಲಿನ ಸದ್ದನ್ನಷ್ಟೇ ತಗ್ಗಿಸುವ ನಾಚ್ ಫಿಲ್ಟರ್ ಹಾಕಿ, ಆದರೂ ಕೇಳದಿದ್ದರೆ ಎಫ್ ರಂಧ್ರಕ್ಕೆ ಸ್ಪಂಜು. ವಾರಕ್ಕೆ ಎರಡು ಕಾರ್ಯಕ್ರಮ ಇರುವವರು ಪ್ಲೈವುಡ್‌ನಂತೆ ಪದರ ಅಂಟಿಸಿದ ಮೇಲ್ಹಲಗೆಯ ಗಿಟಾರ್ ಕೊಳ್ಳಲಿ. ಗಿಬ್ಸನ್‌ನವರ 1949ರ ಇಎಸ್-175 ಕೂಡ ಅಂಥದ್ದೇ, ಅದರಿಂದ ಜಾಝ್‌ಗೆ ನಷ್ಟವೇನೂ ಆಗಲಿಲ್ಲ. ಮಳೆಗಾಲಕ್ಕೂ ಅದು ಅಷ್ಟು ಅಲುಗುವುದಿಲ್ಲ, ಉಳಿದ ದುಡ್ಡಿಗೆ ಒಳ್ಳೆಯ ಆಂಪ್ಲಿಫೈಯರ್ ಬರುತ್ತದೆ.

ತಂತಿ: ವಿಯೆನ್ನಾದ ಥಾಮಸ್ಟಿಕ್ ಜಾಝ್ ಸ್ವಿಂಗ್, ಮೊದಲನೇ ತಂತಿ .013 ಇಂಚು ದಪ್ಪವಿರುವ ಸೆಟ್. ಕೊಳ್ಳುವಾಗ ಹೊಟ್ಟೆ ಉರಿಯುತ್ತದೆ. ಆದರೆ ಸುತ್ತು ನಯವಾಗಿರುವುದರಿಂದ ಬೆವರು ಕೂರಲು ಸಂದಿಲ್ಲ, ಸುತ್ತಿದ ನಾಲ್ಕು ತಂತಿಗಳು ಮುಂಬೈಯಲ್ಲೂ ಒಂದು ವರ್ಷ ಬರುತ್ತವೆ. ಬರಿ ಉಕ್ಕಿನ ಎರಡು ಮಾತ್ರ ಮಳೆಗಾಲದಲ್ಲಿ ಒಂದೂವರೆ ತಿಂಗಳಿಗೆ ತುಕ್ಕು ಹಿಡಿಯುತ್ತವೆ, ಬಿಡಿಯಾಗಿ .013 ಮತ್ತು .017 ಕೊಂಡು ಬದಲಿಸಿ. ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಿಂದ ತಂತಿಯ ಅಡಿಯನ್ನೂ ಒರೆಸಿ. ಮುಂಗೈ ತಾಗುವ ಜಾಗಕ್ಕೆ ಕಾಲುಚೀಲದ ತುದಿ ಕತ್ತರಿಸಿ ತೋಳಿಗೆ ಹಾಕಿಕೊಳ್ಳಿ, ಬೆವರಿಗೆ ನೈಟ್ರೊ ಲ್ಯಾಕರ್ ಮೆತ್ತಗಾಗಿ ಅಂಟಂಟಾಗುತ್ತದೆ. ರಬ್ಬರ್ ಹಿಡಿಯ ಸ್ಟ್ಯಾಂಡೂ ಅದಕ್ಕೆ ವಿಷವೇ.

ಆಯುಧಪೂಜೆಗೆ ಕುಂಕುಮ ಪೆಟ್ಟಿಗೆಗೆ ಹಚ್ಚಿ, ಗಿಟಾರಿಗೆ ಬೇಡ, ಲ್ಯಾಕರ್‌ಗೆ ಇಳಿದ ಬಣ್ಣ ಹೋಗುವುದಿಲ್ಲ. ಆ ಹೊತ್ತಿಗೆ ಮಳೆ ಹಿಂದೆ ಸರಿದು ಮೀಟರ್ 60ಕ್ಕೆ ಬಂದಿರುತ್ತದೆ, ಕಮಾನು ತಗ್ಗಿ ತಂತಿ ಫ್ರೆಟ್‌ಗೆ ತಾಗಲು ಶುರುವಾಗಿರುತ್ತದೆ. ವಿಜಯದಶಮಿಯ ಬೆಳಿಗ್ಗೆ ತಂತಿ ಸಡಿಲಿಸಿ, ಜುಲೈನಲ್ಲಿ ಇಳಿಸಿದ್ದ ಕಾಲು ಸುತ್ತುಗಳನ್ನೆಲ್ಲ ವಾಪಸ್ ಏರಿಸಿ, ಕುದುರೆ ನೆಟ್ಟಗಿದೆಯೇ ಪಕ್ಕದಿಂದ ನೋಡಿ.