ಹೊಳೆಯ ಯಾವ ದಡ ಎಂದು ಹೇಳುವ ಪುಟ: ಆನೆಗುಂದಿಯ ಹೋಂಸ್ಟೇ ಒಂದರ ಸ್ಥಳೀಯ ಮಾಹಿತಿ

ರಜೆಗೆ ಮನೆ ಬಾಡಿಗೆ ಕೊಡುವ ಜಾಲತಾಣಗಳಲ್ಲಿ ಕೋಣೆ, ಹಾಸಿಗೆ, ಬಿಸಿನೀರು, ವೈಫೈಗಳ ವಿವರವನ್ನು ನಾವೆಲ್ಲ ಗಮನವಿಟ್ಟು ಓದುತ್ತೇವೆ. ಅದೇ ಪುಟದ ಕೆಳಗಿರುವ ಸ್ಥಳೀಯ ಮಾಹಿತಿಯನ್ನು ಮಾತ್ರ ಹೆಚ್ಚಿನ ಮಾಲೀಕರು ಎಲ್ಲಿಂದಲೋ ಎತ್ತಿ ಹಾಕಿರುತ್ತಾರೆ. ಹೀಗಾಗಿ ಓದುವವರಿಗೂ ಅದರ ಮೇಲೆ ಭರವಸೆ ಉಳಿದಿಲ್ಲ. ಚಳಿಗಾಲದ ರಜೆಯಲ್ಲಿ ಕುಟುಂಬದೊಡನೆ ನಾನು ತಂಗಿದ್ದ ಆನೆಗುಂದಿಯ ಹೋಂಸ್ಟೇ ಒಂದರ ಪುಟ ಇದಕ್ಕೆ ಅಪವಾದ. ಮನೆಯ ಅಚ್ಚುಕಟ್ಟುತನ ಮತ್ತು ಊಟದ ಬಗ್ಗೆ ಬೇರೆ ಅತಿಥಿಗಳು ಸಾಕಷ್ಟು ಬರೆದಿದ್ದಾರೆ, ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಈ ವಿಮರ್ಶೆಯನ್ನು ನಾನು ಆ ಮನೆಯವರು ತಮ್ಮ ಕೈಯಾರೆ ಬರೆದಿರುವ ಊರಿನ ಮಾಹಿತಿಗೆ ಮೀಸಲಿಡುತ್ತೇನೆ.

ಆ ಮಾಹಿತಿಯ ಮೊದಲ ಸಾಲೇ ಮನೆ ತುಂಗಭದ್ರೆಯ ಉತ್ತರ ದಡದಲ್ಲಿದೆ, ಹಂಪಿ ದಕ್ಷಿಣ ದಡದಲ್ಲಿದೆ ಎಂದು ತಿಳಿಸುತ್ತದೆ. ಇದು ಸಣ್ಣ ವಿಷಯವಲ್ಲ. ಆನೆಗುಂದಿ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದರೆ, ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ಎರಡರ ನಡುವೆ ಹೊಳೆಯಿದೆ. ಬಾಡಿಗೆ ತಾಣಗಳು ನಕ್ಷೆಯ ಮೇಲೆ ನೇರ ಗೆರೆ ಎಳೆದು ದೂರವನ್ನು ಲೆಕ್ಕ ಹಾಕುವುದರಿಂದ, ಉತ್ತರ ದಡದ ಎಷ್ಟೋ ಮನೆಗಳು ವಿರೂಪಾಕ್ಷ ಗುಡಿಗೆ ನಡೆದೇ ಹೋಗುವಷ್ಟು ಹತ್ತಿರವಿರುವಂತೆ ಕಾಣುತ್ತವೆ. ವಾಹನದಲ್ಲಿ ಹೋಗುವವರು ಕಡೇಬಾಗಿಲು–ಬುಕ್ಕಸಾಗರ ಸೇತುವೆಯನ್ನು ದಾಟಿ, ಕಮಲಾಪುರದ ಮೇಲೆ ಸುಮಾರು 20 ಕಿಲೋಮೀಟರ್ ಸುತ್ತಬೇಕು. ಆನೆಗುಂದಿಯ ಎದುರು ದಡದ ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿದ್ದ ಮೇಲೆ ಅಲ್ಲಿ ಹೊಳೆ ದಾಟಲು ದೋಣಿಯೇ ಗತಿ. ಈ ಮೂರು ಸಂಗತಿಗಳನ್ನು ಮನೆಯವರು ಒಂದೇ ಕಡೆ, ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿದ್ದಾರೆ. 'ಹಂಪಿಗೆ ಹತ್ತಿರ' ಎಂಬ ಆಕರ್ಷಣೆಯಿಂದಲೇ ಕೋಣೆಗಳು ತುಂಬುವ ಊರಿನಲ್ಲಿ ಹೀಗೆ ಬರೆಯಲು ಪ್ರಾಮಾಣಿಕತೆ ಬೇಕು.

ಪುಟದಲ್ಲಿ ನನಗೆ ಅತ್ಯಂತ ಮೌಲ್ಯಯುತವೆನಿಸಿದ ಭಾಗ ದೋಣಿಗಳ ಕುರಿತದ್ದು. ಹಂಪಿಯ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯಿಂದ ಹಂಪಿಗೆ, ಆನೆಗುಂದಿಯಿಂದ ತಳವಾರಘಟ್ಟಕ್ಕೆ ಮತ್ತು ನವವೃಂದಾವನದ ನಡುಗಡ್ಡೆಗೆ ದೋಣಿಗಳು ಹೋಗುತ್ತವೆ ಎಂದು ಎಲ್ಲ ಪ್ರವಾಸಿ ಪುಟಗಳೂ ಹೇಳುತ್ತವೆ. ಅವು ಯಾವಾಗ ಹೋಗುವುದಿಲ್ಲ ಎಂಬುದನ್ನು ಈ ಪುಟ ಹೇಳುತ್ತದೆ. ಮುಂಗಾರಿನಲ್ಲಿ ತುಂಗಭದ್ರಾ ಜಲಾಶಯ ತುಂಬಿ ಕ್ರಸ್ಟ್ ಗೇಟುಗಳನ್ನು ತೆರೆದಾಗ ಹಂಪಿಯ ಪುರಂದರ ಮಂಟಪ ನೀರಿನಲ್ಲಿ ಮುಳುಗುತ್ತದೆ, ನವವೃಂದಾವನದ ಸಂಪರ್ಕ ಕಡಿಯುತ್ತದೆ, ದೋಣಿ ಸಂಚಾರ ನಿಲ್ಲುತ್ತದೆ; ಕಂಪ್ಲಿಯ ಸೇತುವೆಯ ಮೇಲೂ ನೀರು ಹರಿದು ಆ ದಾರಿ ಮುಚ್ಚುವುದುಂಟು. ಇದು ಮಳೆಯನ್ನು ಮಾತ್ರ ಅವಲಂಬಿಸಿದ ವಿಷಯವಲ್ಲ ಎಂಬುದಕ್ಕೆ 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದ ಘಟನೆಯನ್ನು ಪುಟ ಉದಾಹರಿಸುತ್ತದೆ. ಊರಿನಲ್ಲಿ ಬಿಸಿಲಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆ ಇಲ್ಲಿಯ ಹೊಳೆಯನ್ನು ಏರಿಸಬಲ್ಲದು ಎಂಬ ಎಚ್ಚರಿಕೆ ದೂರದ ಊರುಗಳಿಂದ ಬರುವವರಿಗೆ ತಾನಾಗಿ ಹೊಳೆಯುವಂಥದ್ದಲ್ಲ. ಸಂಜೆಯಾಗುತ್ತಲೇ ಕೊನೆಯ ದೋಣಿ ಹೊರಟುಬಿಡುತ್ತದೆ, ಹೇಮಕೂಟದಲ್ಲಿ ಸೂರ್ಯಾಸ್ತ ನೋಡಬೇಕೆನ್ನುವವರು ವಾಹನದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು ಎಂಬ ಸಲಹೆಯೂ ಇದೆ. ಪ್ರತಿ ಸೂಚನೆಯ ಕೆಳಗೆ ಅದನ್ನು ಕೊನೆಯ ಬಾರಿ ತಿದ್ದಿದ ತಿಂಗಳನ್ನು ನಮೂದಿಸಿದ್ದಾರೆ. ಸ್ಥಳೀಯ ಮಾಹಿತಿ ಹಂಚುವ ಯಾರೇ ಆಗಲಿ ಬೇರೇನನ್ನು ಬಿಟ್ಟರೂ ಈ ತಿಂಗಳನ್ನು ಬಿಡಬಾರದು.

ತಿಂಗಳು ನಮೂದಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿರೂಪಾಪುರ ಗಡ್ಡಿಯೇ ಸಾಕ್ಷಿ. ಅಲ್ಲಿಯ ಅನಧಿಕೃತ ರೆಸಾರ್ಟ್‌ಗಳ ತೆರವಿನ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಕಟ್ಟಡಗಳನ್ನು ನೆಲಸಮ ಮಾಡಲಾಯಿತು. ಆದರೂ ಅವುಗಳ ಅಂಗಳದಲ್ಲಿ ಕುಳಿತು ಹೊಳೆ ನೋಡಿರಿ ಎಂದು ಕರೆಯುವ ಹಳೆಯ ಬರಹಗಳು ಹುಡುಕಿದವರಿಗೆ ಇಂದಿಗೂ ಸಿಗುತ್ತವೆ. ಈ ಹಿನ್ನೆಲೆಯನ್ನು ಎರಡೇ ಸಾಲಿನಲ್ಲಿ ವಿವರಿಸಿರುವ ಪುಟ, ತಮ್ಮ ಮನೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆ ಎಂಬುದನ್ನೂ ಜೊತೆಗೇ ತಿಳಿಸುತ್ತದೆ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಮನೆ ಕಾದಿರಿಸುವ ಅತಿಥಿಗೆ ಈ ವಿವರ ತಿಳಿದಿರಲೇಬೇಕು.

ಹಂಪಿಯ ಟಿಕೆಟ್ ಕುರಿತ ಟಿಪ್ಪಣಿ ಚಿಕ್ಕದಾದರೂ ಹಣ, ಸಮಯ ಎರಡನ್ನೂ ಉಳಿಸುತ್ತದೆ. ವಿಜಯ ವಿಠ್ಠಲ ಗುಡಿಯಲ್ಲಿ ಭಾರತೀಯರು 40 ರೂಪಾಯಿ ಕೊಟ್ಟು ಪಡೆಯುವ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ರಾಣೀವಾಸದ ಆವರಣಕ್ಕೂ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೂ ಸಲ್ಲುತ್ತದೆ. ಆದ್ದರಿಂದ ಮೂರನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಕು, ಆ ದಿನ ಶುಕ್ರವಾರವಾಗಿರಬಾರದು, ಏಕೆಂದರೆ ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ರಜೆ. ವಾರಾಂತ್ಯಕ್ಕೆಂದು ಶುಕ್ರವಾರವೇ ಬಂದಿಳಿಯುವ ಬೆಂಗಳೂರಿನವರಿಗೆ ಇದನ್ನು ಮುಂಚಿತವಾಗಿ ಹೇಳುವವರು ಬೇಕಿತ್ತು. ಹಂಪಿಯ ಒಟ್ಟು ವಿನ್ಯಾಸವನ್ನು ತೋರಿಸುವ ದೊಡ್ಡ ಮಾದರಿ ಆ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಅದನ್ನು ಮೊದಲು ನೋಡಿದರೆ ಗುಡಿಗಳು, ಬಜಾರುಗಳು, ಕೋಟೆಯ ಸುತ್ತುಗಳು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆ ಎಂಬುದು ಮನಸ್ಸಿಗೆ ಹತ್ತುತ್ತದೆ.

ಅಂಜನಾದ್ರಿಯ ವಿಷಯದಲ್ಲಿ ಮನೆಯವರ ಸ್ಥಳೀಯತೆ ಎದ್ದು ಕಾಣುತ್ತದೆ. ಹನುಮಂತ ಹುಟ್ಟಿದ ಬೆಟ್ಟವೆಂದು ಭಕ್ತರು ನಂಬುವ ಆ ಬೆಟ್ಟಕ್ಕೆ 575 ಮೆಟ್ಟಿಲುಗಳಿವೆ ಎಂದು ಎಲ್ಲೆಡೆ ಸಿಗುತ್ತದೆ. ಶನಿವಾರ ಬೆಳಿಗ್ಗೆ ಕೆಳಗಿನ ರಸ್ತೆಯಲ್ಲಿ ವಾಹನಗಳು ಹೇಗೆ ನಿಲ್ಲುತ್ತವೆ, ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಗಂಗಾವತಿಯ ಕಡೆಯಿಂದ ಊರಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಏಪ್ರಿಲ್ ತಿಂಗಳಲ್ಲಿ ಎಷ್ಟು ಗಂಟೆಯ ನಂತರ ಮೆಟ್ಟಿಲಿನ ಕಲ್ಲು ಬರಿಗಾಲಿಗೆ ಸುಡುತ್ತದೆ ಎಂಬುದನ್ನು ಅಲ್ಲಿಯೇ ಬದುಕುವವರು ಮಾತ್ರ ಬರೆಯಬಲ್ಲರು. ಅತಿಥಿಯ ಅನುಕೂಲವೊಂದನ್ನೇ ನೋಡದೆ, ಆ ದಿನಗಳು ಭಕ್ತರ ದಿನಗಳು, ತಿರುಗಾಟಕ್ಕೆ ಬರುವವರು ಬೇರೆ ದಿನ ಆರಿಸಿಕೊಳ್ಳುವುದು ಒಳ್ಳೆಯದು ಎಂದು ಬರೆದಿರುವುದು ನನಗೆ ಬಹಳ ಹಿಡಿಸಿತು.

ಎಲ್ಲರೂ ಕೈಬಿಡುವ ಹಿರೇಬೆಣಕಲ್‌ಗೆ ಈ ಪುಟದಲ್ಲಿ ಒಂದು ಇಡೀ ಪರಿಚ್ಛೇದ ಸಿಕ್ಕಿದೆ. ಗಂಗಾವತಿಯ ಪಶ್ಚಿಮಕ್ಕೆ, ಜನ ಮೋರ್ಯರ ಗುಡ್ಡ ಎಂದು ಕರೆಯುವ ಬೆಟ್ಟದ ಮೇಲೆ ನೂರಾರು ಬೃಹತ್ ಶಿಲಾ ಸಮಾಧಿಗಳಿವೆ. 2021ರಲ್ಲಿ ಅದು ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಯನ್ನೂ ಸೇರಿತು. ಬೆಟ್ಟದ ಮೇಲೆ ನೆರಳಿಲ್ಲ, ಅಂಗಡಿಯಿಲ್ಲ, ದಾರಿ ತಪ್ಪುವ ಸಂಭವವಿದೆ, ಆದ್ದರಿಂದ ಹೊತ್ತು ಮೂಡುವಾಗಲೇ ಊರಿನವರೊಬ್ಬರನ್ನು ಕರೆದುಕೊಂಡು ಹತ್ತಿರಿ, ಅವರ ದಿನದ ದುಡಿಮೆಗೆ ತಕ್ಕ ಹಣ ಕೊಡಿರಿ ಎಂದು ಪುಟ ಸೂಚಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕಾವಲಿಲ್ಲದ ಬಂಡೆಚಿತ್ರಗಳು ಮತ್ತು ಹೊಳೆಯ ನೀರುನಾಯಿಗಳು ಕಾಣುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸದೆ, ಆಸಕ್ತಿಯಿದ್ದವರು ಮನೆಗೆ ಬಂದಾಗ ಕೇಳಬಹುದು ಎಂದಷ್ಟೇ ಬರೆದಿದ್ದಾರೆ. ಕೆಲವು ಅತಿಥಿಗಳು ಇದನ್ನು ಕೊರತೆ ಎಂದಿದ್ದಾರೆ. ನನಗೆ ಇದು ವಿವೇಕವಾಗಿ ಕಂಡಿತು. ತುಂಗಭದ್ರೆಯ ಈ ಭಾಗ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಗಿದೆ. ಜಾಲತಾಣದಲ್ಲಿ ಹಾಕಿದ ಗುರುತು ಒಮ್ಮೆ ಹರಡಿದರೆ ಮತ್ತೆ ಅಳಿಸಲು ಬರುವುದಿಲ್ಲ.

ಊಟದ ಪಟ್ಟಿಯೂ ಪ್ರಯಾಣದ ವಿವರವೂ ಚುಟುಕಾಗಿವೆ, ಆದರೆ ಉಪಯುಕ್ತವಾಗಿವೆ. ಬೆಳಗಿನ ಒಗ್ಗರಣಿ–ಮಿರ್ಚಿಗೆ ಯಾವ ಗಾಡಿ, ಮಧ್ಯಾಹ್ನದ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಯಾವ ಖಾನಾವಳಿ ಎಂದು ತಿಳಿಸಿದ್ದಾರೆ. ರೈಲಿಗೆ ಎಲ್ಲರೂ ಹೊಸಪೇಟೆಯನ್ನೇ ಹೇಳುತ್ತಾರೆ. ಆನೆಗುಂದಿಗೆ ಗಂಗಾವತಿ ನಿಲ್ದಾಣ ಇನ್ನೂ ಹತ್ತಿರ ಎಂಬುದನ್ನು ನಾನು ಓದಿದ್ದು ಇಲ್ಲಿಯೇ.

ಕೊರತೆಗಳಲ್ಲಿ ಕೆಲವು ಜಾಲತಾಣಕ್ಕೆ ಸೇರಿದವು. ಏರ್‌ಬಿಎನ್‌ಬಿಯಂಥ ತಾಣಗಳು ಮಾಲೀಕರಿಗೆ ಸ್ಥಳೀಯ ಮಾರ್ಗದರ್ಶಿ ಬರೆಯಲು ಜಾಗ ಒದಗಿಸಿ ವರ್ಷಗಳೇ ಆಗಿವೆ. ಈ ಮನೆ ಇರುವ ಇನ್ನೊಂದು ತಾಣದಲ್ಲಿ ಮಾತ್ರ ಆ ಭಾಗದ ಅರ್ಧ ಹಣ ಕಟ್ಟಿದ ನಂತರವೇ ತೆರೆದುಕೊಳ್ಳುತ್ತದೆ. ಮನೆ ಯಾವ ದಡದಲ್ಲಿದೆ, ಮಳೆಗಾಲದಲ್ಲಿ ದೋಣಿ ಇರುತ್ತದೆಯೇ ಎಂಬುದು ಮನೆಯನ್ನು ಆರಿಸುವ ಮೊದಲೇ ತಿಳಿಯಬೇಕಾದ ವಿಷಯ. ಅದನ್ನು ಹಣ ಪಾವತಿಯ ಆಚೆಗೆ ಇಡುವುದು ಅತಿಥಿಗೆ ಮಾಡುವ ಅನ್ಯಾಯ. ಅದೃಷ್ಟವಶಾತ್ ಮನೆಯವರು ಹೊಳೆಯ ವಿವರವನ್ನು ಮನೆಯ ಪರಿಚಯದಲ್ಲಿಯೂ ಸೇರಿಸಿದ್ದಾರೆ.

ಮನೆಯವರು ತಿದ್ದಬೇಕಾದವು ಎರಡು. ಮಾಹಿತಿಯನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಟ್ಟಿರುವುದು ಸಂತೋಷದ ಸಂಗತಿ, ಆದರೆ ಸಾಣಾಪುರದ ಕೆರೆಯಲ್ಲಿಯೂ ಹೊಳೆಯ ಬಂಡೆಗಳ ನಡುವೆಯೂ ಈಜಬಾರದು, ಸೆಳವು ಮೇಲಿನಿಂದ ಕಾಣುವುದಿಲ್ಲ ಎಂಬ ಮಹತ್ವದ ಎಚ್ಚರಿಕೆ ಇಂಗ್ಲಿಷ್ ಭಾಗದಲ್ಲಿ ಮಾತ್ರ ಇದೆ. ನೀರಿಗೆ ಇಳಿಯುವವರಲ್ಲಿ ನಮ್ಮ ಊರುಗಳ ಕಾಲೇಜು ಹುಡುಗರೂ ಇರುತ್ತಾರೆ, ಆ ಸಾಲು ಕನ್ನಡದಲ್ಲಿ ಮೊದಲು ಇರಬೇಕು. ಇನ್ನೊಂದು, ಮಂಡಿನೋವಿರುವ ಹಿರಿಯರನ್ನು ಕರೆತರುವವರಿಗೆ ಬೇಕಾದ ವಿವರ. ಗೆಜ್ಜಲ ಮಂಟಪದಿಂದ ವಿಠ್ಠಲ ಗುಡಿಯವರೆಗೆ ಬ್ಯಾಟರಿ ವಾಹನ ಇದೆ ಎಂಬುದೂ, ಆನೆಗುಂದಿಯ ರಂಗನಾಥ ಗುಡಿಯನ್ನು ಮೆಟ್ಟಿಲು ಹತ್ತುವ ಶ್ರಮವಿಲ್ಲದೆ ಊರೊಳಗೇ ನೋಡಬಹುದು ಎಂಬುದೂ ಪುಟದಲ್ಲಿಲ್ಲ. ನನ್ನ ತಾಯಿಯವರ ಸಲುವಾಗಿ ಇವನ್ನು ಕೇಳಿದಾಗ ಮನೆಯ ಯಜಮಾನತಿ ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದರು. ಅವರು ಬಾಯಲ್ಲಿ ಹೇಳಿದ್ದನ್ನು ಪುಟಕ್ಕೂ ಸೇರಿಸಿದರೆ ಹಿರಿಯರೊಡನೆ ಹೊರಡುವ ಮನೆಗಳಿಗೂ ನಾನು ಇದನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಸದ್ಯಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಕೊಟ್ಟಿದ್ದೇನೆ.