ಏರ್‌ಗನ್ನಿಗೆ ಯಾವ ಪೆಲೆಟ್? ಚಪ್ಪಟೆ, ಗುಂಡು, ಚೂಪು ಮೂತಿಗಳ ಹೋಲಿಕೆ

ಕೇಪಿನ ಕೋವಿ ಇಟ್ಟುಕೊಂಡವರಿಗೆ ಎರಡು ಲೆಕ್ಕ: ಮದ್ದು ಎಷ್ಟು, ಗುಂಡು ಯಾವುದು. ಸ್ಪ್ರಿಂಗ್ ಏರ್‌ಗನ್ನಿನಲ್ಲಿ ಮದ್ದಿನ ಕೆಲಸ ಸ್ಪ್ರಿಂಗಿನದ್ದು, ಅದರ ಬಲ ಕಾರ್ಖಾನೆಯಲ್ಲೇ ನಿಗದಿಯಾಗಿ ಬಂದಿರುತ್ತದೆ. ನಮ್ಮ ಕೈಯಲ್ಲಿ ಉಳಿಯುವುದು ಪೆಲೆಟ್, ಅಂದರೆ ಏರ್‌ಗನ್ನಿನ ಪುಟ್ಟ ಗುಂಡು, ಒಂದೇ.

ಹೋಲಿಕೆಗೆ ಬಳಸಿದ್ದು 0.177 ಇಂಚು ಬೋರಿನ (ಬೋರು ಎಂದರೆ ನಳಿಕೆಯ ಒಳ ಅಗಲ), ನಳಿಕೆ ಮಡಚಿ ತುಂಬುವ ಏರ್‌ಗನ್. ಜಾಗ ಮೂಡಿಗೆರೆ ಕಡೆಯ ಕಾಫಿ ಗೋಡೌನು. ಬಾಗಿಲು ಹಾಕಿದರೆ ಗಾಳಿ ಸುಳಿಯುವುದಿಲ್ಲ. ಗುರಿ 10 ಮತ್ತು 20 ಮೀಟರ್ ದೂರದಲ್ಲಿ, ಅದರ ಹಿಂದೆ ಜೇಡಿಮಣ್ಣು ತುಂಬಿದ ಮರದ ಪೆಟ್ಟಿಗೆ. ಕಲ್ಲು, ಕಬ್ಬಿಣ, ಗಟ್ಟಿ ಮರದ ದಿಮ್ಮಿ ಹಿಂದೆ ಇರಕೂಡದು, ಪೆಲೆಟ್ ತಿರುಗಿ ಬರುತ್ತದೆ. ಒಂದು ಪೆಲೆಟ್ ಬಿಟ್ಟು ಇನ್ನೊಂದಕ್ಕೆ ಹೋದಾಗ ಮೊದಲ ಹತ್ತು ಹದಿನೈದು ಹೊಡೆತ ಲೆಕ್ಕಕ್ಕಿಲ್ಲ. ನಳಿಕೆಯೊಳಗೆ ಹೊಸ ಸೀಸದ ಪದರ ಕೂರುವವರೆಗೆ ಗುರಿ ಚದುರುತ್ತದೆ. ಅದಾದ ಮೇಲೆ ಐದೈದು ಹೊಡೆತದ ಐದು ಗುಂಪು; ಒಂದು ಗುಂಪಿನ ತೂತುಗಳು ಹತ್ತಿರ ಹತ್ತಿರ ಬಿದ್ದಷ್ಟೂ ಪೆಲೆಟ್ ಒಳ್ಳೆಯದು.

10 ಮೀಟರಿನಲ್ಲಿ ಚಪ್ಪಟೆ ಮೂತಿಯದ್ದೇ ಮೇಲು. ತೂಕ ಸುಮಾರು 8.2 ಗ್ರೇನ್, ಅಂದರೆ 0.53 ಗ್ರಾಂ. ಕಾಗದದಲ್ಲಿ ಪಂಚಿಂಗ್ ಮೆಷಿನ್ ಹೊಡೆದಂತೆ ದುಂಡನೆಯ ತೂತು ಬೀಳುತ್ತದೆ, ಅಂಕ ಎಣಿಸಲು ಜಗಳವಿಲ್ಲ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿಲಿಮೀಟರ್, ಅಲ್ಲಿ ಎಲ್ಲರೂ ಚಪ್ಪಟೆ ಮೂತಿಯನ್ನೇ ಹಾಕುವುದು ಸುಮ್ಮನೆ ಅಲ್ಲ. ಆದರೆ ಅದೇ ಡಬ್ಬಿ 20 ಮೀಟರಿನಲ್ಲಿ ಸೊರಗುತ್ತದೆ. ಚಪ್ಪಟೆ ಮುಖ ಗಾಳಿಯನ್ನು ಎದೆಗೊಟ್ಟು ತಳ್ಳುವುದರಿಂದ ವೇಗ ಬೇಗ ಇಳಿಯುತ್ತದೆ, ಗುಂಪು ಹರಡುತ್ತದೆ.

ಗುಂಡು ಮೂತಿಯದ್ದು ಇದಕ್ಕೆ ತದ್ವಿರುದ್ಧ. ಹತ್ತಿರದಲ್ಲಿ ತೂತಿನ ಅಂಚು ಹರಿದು ಅಂಕ ಮಸುಕು, ದೂರದಲ್ಲಿ ಮಾತ್ರ ಗುಂಪು ಬಿಗಿ. ಒಂದೇ ಡಬ್ಬಿ ಕೊಳ್ಳುವವರಿಗೆ 8.4 ಗ್ರೇನಿನ ಗುಂಡು ಮೂತಿ ಸಾಕು.

ಚೂಪು ಮೂತಿಗೆ ಕೊಟ್ಟ ದುಡ್ಡು ದಂಡ. ಡಬ್ಬಿ ಅಲುಗಾಡಿದರೆ ಸಾಕು, ಸೀಸದ ಮೊನೆ ಒಂದು ಕಡೆ ವಾಲುತ್ತದೆ. ವಾಲಿದ ಮೊನೆ ತಿರುಗುತ್ತಾ ಹೋಗುವಾಗ ಓಲಾಡುತ್ತದೆ. ಅಂಗಡಿಯವರು ‘ಜಾಸ್ತಿ ನುಗ್ಗುತ್ತೆ’ ಎಂದು ಮಾರುವುದು ಇದನ್ನೇ. ಉಕ್ಕಿನ ದುಂಡು ಬಿಬಿ ಅಂತೂ ಹಾಕಲೇಬಾರದು, ನಳಿಕೆಯ ಒಳಗೆರೆಗಳನ್ನು ಕೆರೆದು ಹಾಕುತ್ತದೆ.

ಮೂತಿಗಿಂತ ಹೆಚ್ಚು ಫರಕು ಮಾಡುವುದು ಕೂರುವಿಕೆ. ಡಬ್ಬಿಯ ಮೇಲೆ 4.49, 4.50, 4.51, 4.52 ಎಂದು ತಲೆಯ ಅಳತೆ ಮಿಲಿಮೀಟರಿನಲ್ಲಿ ಬರೆದಿರುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಸ್ವಲ್ಪ ತಡೆದು ಒಳಗೆ ಕೂರಬೇಕು. ತಾನಾಗಿ ಜಾರಿ ಬಿದ್ದರೆ ಸಡಿಲ. ಅನುಮಾನವಿದ್ದರೆ ಸ್ಪ್ರಿಂಗ್ ಎಳೆಯದೆ ನಳಿಕೆ ಮಡಚಿ, ಒಂದು ಪೆಲೆಟ್ ಇಟ್ಟು, ತೆಳು ಮರದ ಕಡ್ಡಿಯಿಂದ ಬಾಯಿಯವರೆಗೆ ತಳ್ಳಿ ತೆಗೆಯಿರಿ. ತಲೆಯ ಸುತ್ತಲೂ ಒಂದೇ ಸಮನೆ ಗೆರೆ ಮೂಡಿದ್ದರೆ ಅಳತೆ ಸರಿ. ಹಿಂದಿನ ಲಂಗ, ಅಂದರೆ ಪೆಲೆಟ್ಟಿನ ಟೊಳ್ಳಾದ ಹಿಂಭಾಗದ ಅಂಚು, ನೆಗ್ಗಿದ್ದನ್ನು ಬೇರೆ ತೆಗೆದಿಡಿ. ಗಾಳಿಯ ಒತ್ತಡಕ್ಕೆ ಉಬ್ಬಿ ನಳಿಕೆಯನ್ನು ಮುಚ್ಚಬೇಕಾದ್ದು ಆ ಲಂಗವೇ. ನೆಗ್ಗಿದ ಕಡೆಯಿಂದ ಗಾಳಿ ಸೋರಿದರೆ ಆ ಹೊಡೆತ ಎಲ್ಲಿ ಹೋಗುತ್ತದೆಂದು ಹೇಳುವಂತಿಲ್ಲ.

ತೂಕದ ವಿಷಯದಲ್ಲಿ ಆಸೆ ಬೇಡ. 5 ಗ್ರೇನಿನ ಸೀಸರಹಿತ ಪೆಲೆಟ್ ‘ಚಟ್’ ಎಂದು ಜೋರಾಗಿ ಹೋಗುತ್ತದೆ, ಕೇಳಲು ಖುಷಿ. ಆದರೆ ಮುಂದೆ ತಡೆ ಸಾಲದೆ ಪಿಸ್ಟನ್ ಸಿಲಿಂಡರಿನ ಕೊನೆಗೆ ಹೋಗಿ ಬಡಿಯುತ್ತದೆ; ಸೀಲು, ಸ್ಪ್ರಿಂಗು ಎರಡೂ ಬೇಗ ಸವೆಯುತ್ತವೆ. 10.5 ಗ್ರೇನಿನದ್ದಕ್ಕೆ ತಡೆ ಹೆಚ್ಚಾಗಿ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ, ಪೆಲೆಟ್ಟಿನ ದಾರಿಯೂ ಬಾಗುತ್ತದೆ. ಸಾಧಾರಣ ಸ್ಪ್ರಿಂಗಿಗೆ 7.5ರಿಂದ 8.5 ಗ್ರೇನ್ ಹದ. ಚಿನ್ನದಂಗಡಿಯವರು ಬಳಸುವ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇದ್ದರೆ, ಉಳಿದವುಗಳಿಗಿಂತ 0.02 ಗ್ರಾಂ ಆಚೀಚೆ ಇರುವುದನ್ನು ಹೊರಗಿಡಬಹುದು.

ವೇಗ ಹೆಚ್ಚಿಸಲು ಕೆಲವರು ಲಂಗಕ್ಕೆ ಎಣ್ಣೆ ಹಾಕುತ್ತಾರೆ. ಒತ್ತಡದ ಬಿಸಿಗೆ ಎಣ್ಣೆ ಹೊತ್ತಿ, ಹೊಗೆ ಬಂದು, ಸದ್ದು ಜೋರಾಗುತ್ತದೆ. ಸೀಲು ಸುಟ್ಟು ಹೋಗುವುದೂ ಹಾಗೆಯೇ. ಮತ್ತೆ, 0.177 ಇಂಚಿಗಿಂತ ದೊಡ್ಡ ಬೋರು ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮದಂತೆ ಲೈಸೆನ್ಸ್ ಬೇಕು. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 230 ಮೀಟರ್ ಹೋದರೆ 14 ಜೂಲ್ ಆಯಿತು, 275 ಮೀಟರಿಗೆ 20 ದಾಟಿತು. ಇದೆಲ್ಲ ಕಾಗದದ ಗುರಿಯ ಮಾತು. ಕಾಡುಪ್ರಾಣಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ.

ಹಿಡಿತ ಬದಲಾದರೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ. ಸ್ಪ್ರಿಂಗ್ ಗನ್ನನ್ನು ಗಟ್ಟಿ ಮರಳಿನ ಚೀಲದ ಮೇಲೆ ನೇರ ಇಟ್ಟರೆ ಕುಪ್ಪಳಿಸುತ್ತದೆ. ಕಾಫಿ ಹೊಟ್ಟು ತುಂಬಿದ ಮೆತ್ತನೆ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಗನ್, ಬಿಗಿ ಹಿಡಿಯದೆ, ಪ್ರತಿ ಸಲ ಒಂದೇ ಜಾಗದಲ್ಲಿ. ಗುಂಪು ಇದ್ದಕ್ಕಿದ್ದಂತೆ ಹರಡಿದರೆ ಪೆಲೆಟ್ಟನ್ನು ಬೈಯುವ ಮೊದಲು ಮರದ ಹಿಡಿಯ ಸ್ಕ್ರೂಗಳನ್ನು ನೋಡಿ. ನೂರು ಹೊಡೆತಕ್ಕೊಮ್ಮೆ ಬಿಗಿ ಮಾಡಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಥಂಡಿಗೆ ತೆರೆದಿಟ್ಟ ಡಬ್ಬಿಯಲ್ಲಿ ಸೀಸದ ಮೇಲೆ ಬಿಳಿ ಪುಡಿ ಕೂರುತ್ತದೆ. ಅಂಥದ್ದನ್ನು ಒರೆಸಿ ಬಳಸುವುದು ಬೇಡ, ಆ ಪುಡಿ ವಿಷ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳ ಬಿಗಿ ಮಾಡಿಡಿ. ಪೆಲೆಟ್ಟನ್ನು ಬಾಯಲ್ಲಿ ಕಚ್ಚಿಕೊಂಡು ತುಂಬುವ ಚಾಳಿ ಬಿಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.