ಕೋರ್ಟ್ ಚೆನ್ನಾಗಿದೆ, ಮಳೆಗಾಲ ಬಿಟ್ಟು

ಹಾಸನದಲ್ಲಿ ನಮ್ಮ ಮನೆ ಹತ್ತಿರದ ಕ್ಲಬ್ಬಿನ ಸ್ಕ್ವಾಷ್ (ಗೋಡೆಗೆ ಚೆಂಡು ಹೊಡೆದು ಆಡುವ ರಾಕೆಟ್ ಆಟ) ಕೋರ್ಟಿಗೆ ಆರು ತಿಂಗಳಿಂದ ಹೋಗುತ್ತಿದ್ದೇನೆ. ಅಳತೆ ಸರಿಯಾಗಿದೆ. ನಾನೇ ಟೇಪ್ ಹಿಡಿದು ನೋಡಿದೆ: ಉದ್ದ 9.75 ಮೀಟರ್, ಅಗಲ 6.4. ಅಲ್ಲಿನ ಹುಡುಗ ನಕ್ಕ, ನಗಲಿ. ಮರದ ನೆಲ, ಮಂಡಿಗೆ ಹಿತ.

ಆದರೆ ಜುಲೈ ಬಂತೆಂದರೆ ಗೋಡೆ ಬೆವರುತ್ತದೆ. ಚೆಂಡು ಜಾರುತ್ತದೆ, ಕಾಲೂ ಜಾರುತ್ತದೆ. ಒಮ್ಮೆ ಬಿದ್ದು ಮೊಣಕೈ ತರಚಿಕೊಂಡೆ. ಹೇಳಿದರೆ ‘ಫ್ಯಾನ್ ಹಾಕಿಸ್ತೀವಿ ಸಾರ್’ ಅಂದರು. ಇನ್ನೂ ಹಾಕಿಸಿಲ್ಲ.

ಕೌಂಟರಿನಲ್ಲಿ ಎಲ್ಲರಿಗೂ ಎರಡು ಹಳದಿ ಚುಕ್ಕೆ ಇರುವ, ಕಡಿಮೆ ಪುಟಿಯುವ ಚೆಂಡನ್ನೇ ಕೊಡುತ್ತಾರೆ. ಅದು ಪಂದ್ಯ ಆಡುವವರದ್ದು ಅಲ್ವಾ? ಹೊಡೆದು ಹೊಡೆದು ಬಿಸಿಯಾಗದೆ ಪುಟಿಯುವುದೇ ಇಲ್ಲ. ನಮ್ಮೂರಿನ ಬೆಳಗಿನ ಚಳಿಯಲ್ಲಂತೂ ಸತ್ತ ಹಾಗೆ ಬಿದ್ದಿರುತ್ತದೆ. ಹೊಸಬರು ಕೆಂಪು ಚುಕ್ಕೆಯದ್ದನ್ನು ತರಿಸಿಕೊಳ್ಳಿ, ಅದು ಹೆಚ್ಚು ಪುಟಿಯುತ್ತದೆ. ಸಂಜೆ ರಶ್ ಜಾಸ್ತಿ, ಬೆಳಿಗ್ಗೆ ಆರಕ್ಕೇ ಹೋಗಿ.